ಹಳೇ ಪಿಸಿಗೆ ಲಿನಕ್ಸ್ ಹಾಕಿದ ಮೇಲೆ ಪರದೆ ಪೂರ್ತಿ ಕಪ್ಪು. ಯಾರಿಗಾದರೂ ಹೀಗಾಗಿದೆಯಾ?

ಹೊಸಬ_ಚಿಕ್ಕಮಗಳೂರು: ಕೋರ್ 2 ಡುಯೋ, 4 ಜಿಬಿ ರ‍್ಯಾಮ್, ಹಳೇ ಗ್ರಾಫಿಕ್ಸ್ ಕಾರ್ಡ್. ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಹಾಕಿದೆ, ಸಲೀಸಾಗಿ ಮುಗಿಯಿತು. ರೀಸ್ಟಾರ್ಟ್ ಮಾಡಿದರೆ ಲೋಗೋ ಬಂದು ಮಾಯ, ಆಮೇಲೆ ಕಪ್ಪು. ಹಾರ್ಡ್ ಡಿಸ್ಕ್ ಲೈಟ್ ಮಿನುಗುತ್ತಿದೆ. ಅನುಭವ ಇದ್ದವರು ಹೇಳಿ.

ಹಾಸನ_ಹಳೇಪಿಸಿ: ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರಿಪೇರಿಯವನು ಡಬ್ಬಿ ಬಿಚ್ಚುವ ಮೊದಲೇ ‘ಕಾರ್ಡ್ ಹೋಗಿದೆ’ ಅಂದ. ಸೆಕೆಂಡ್ ಹ್ಯಾಂಡ್ ಕಾರ್ಡಿಗೆ 1,400. ಅದಕ್ಕೆ ಪವರ್ ಸಾಲದು ಅಂತ ಎಸ್‌ಎಂಪಿಎಸ್‌ಗೆ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) 850. ಮಾನಿಟರಿನ ವಿಜಿಎ ಕೇಬಲ್ 150, ಸಿಮೋಸ್ ಬ್ಯಾಟರಿ 40, ಸರ್ವಿಸ್ ಚಾರ್ಜ್ 300. ಒಟ್ಟು 2,740. ಮನೆಗೆ ತಂದರೆ ಮತ್ತದೇ ಕಪ್ಪು! ಕೊನೆಗೆ ಅಕ್ಕನ ಮಗ ಬಂದ. ಆನ್ ಮಾಡಿದಾಗ ಲಿನಕ್ಸ್‌ಗಿಂತ ಮೊದಲು ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿದ. ಡೆಸ್ಕ್‌ಟಾಪ್ ಬಂತು. ಖರ್ಚು ಒಂದು ಲೋಟ ಕಾಫಿ.

ಡೆಬಿಯನ್_ದಾಸ: ನೋಮೋಡ್‌ಸೆಟ್ ಹಾಕಿ ಕೈತೊಳೆದುಕೊಂಡರೆ ಆಯಿತಾ ಸ್ವಾಮಿ? ಅದು ಗ್ರಾಫಿಕ್ಸ್ ಡ್ರೈವರನ್ನು ದೂರ ಇಡುತ್ತದೆ ಅಷ್ಟೇ. ವಿಡಿಯೋ ಹಾಕಿ ನೋಡಿ, ಪ್ರೊಸೆಸರ್ ಏದುಸಿರು ಬಿಡುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಅದೂ ಇರಲ್ಲ, ಗ್ರಬ್ ಫೈಲಿನಲ್ಲಿ ಬರೆದು ‘ಅಪ್‌ಡೇಟ್-ಗ್ರಬ್’ ಕೊಡಬೇಕು. ನನ್ನದು ಆಟಂ ಪ್ರೊಸೆಸರಿನ ಪುಟ್ಟ ಪೆಟ್ಟಿಗೆ. ಲ್ಯಾಪ್‌ಟಾಪ್ ಪರದೆಯೇ ಇಲ್ಲ, ಆದರೆ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಇದೆ ಅಂತ ಭ್ರಮೆ! ಚಿತ್ರವನ್ನೆಲ್ಲ ಆ ಇಲ್ಲದ ಪರದೆಗೇ ಕಳಿಸುತ್ತಿತ್ತು. ‘ವಿಡಿಯೋ=ಎಲ್‌ವಿಡಿಎಸ್-1:ಡಿ’ ಕೊಟ್ಟು ಅದರ ಬಾಯಿ ಮುಚ್ಚಿಸಿದೆ. ಅದರಲ್ಲಿರುವುದು ಡೆಬಿಯನ್ 12 ಅನ್ನುವ ಲಿನಕ್ಸ್, ಇವತ್ತಿಗೂ ಓಡುತ್ತಿದೆ. ಅಂಗಡಿಯವನಿಗೆ ಒಂದು ಪೈಸೆ ಕೊಟ್ಟಿಲ್ಲ.

ಹಾಸನ_ಹಳೇಪಿಸಿ: ಸ್ವಾಮಿ ಗೀಮಿ ಬೇಡ. ದುಡ್ಡು ಕಳೆದುಕೊಂಡವನಿಗೆ ಪಾಠ ಹೇಳುವುದು ಸುಲಭ. ನಾನು ನೋಡುವುದು ಇಮೇಲ್, ಪೇಪರ್. ಯಾವ ಏದುಸಿರೂ ಇಲ್ಲ.

ಡಿಟಿಪಿ_ತುಮಕೂರು: ಲಿನಕ್ಸ್ ಸಹವಾಸವೇ ಬೇಡ. ನನಗೂ ಕಪ್ಪು ಪರದೆ ಬಂತು, ಹೇಗೋ ಸರಿ ಮಾಡಿಕೊಂಡೆ. ಆಮೇಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ತೆರೆದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಬ್ರಾಕೆಟ್! ಗಿರಾಕಿ ಎದುರಿಗೇ ಕೂತಿದ್ದಾರೆ. ಮದುವೆ ಸೀಸನ್ ಬೇರೆ. 300 ಕಾರ್ಡಿನ ಆರ್ಡರ್ ಪಕ್ಕದ ಅಂಗಡಿಗೆ ಹೋಯಿತು. ರಾತ್ರಿಯೇ ವಿಂಡೋಸ್ 7 ವಾಪಸ್.

ಡೆಬಿಯನ್_ದಾಸ: ಕಪ್ಪು ಪರದೆಗೂ ನುಡಿಗೂ ಏನು ಸಂಬಂಧ? ಆ ಫೈಲುಗಳು ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರದಲ್ಲಿಲ್ಲ, ನುಡಿಯದೇ ಫಾಂಟ್ ಬೇಕು. ಫಾಂಟ್ ಕಾಪಿ ಮಾಡಿಕೊಂಡಿದ್ದರೆ ವರ ಕಾಣಿಸುತ್ತಿದ್ದ. ಹೊಸದಾಗಿ ಟೈಪ್ ಮಾಡಲು ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ನುಡಿಯದೇ ಕೆಜಿಪಿ ಕೀಲಿಮಣೆ ಸಿಗುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿದೆ, ಗೊತ್ತಲ್ವಾ?

ಡಿಟಿಪಿ_ತುಮಕೂರು: ಸಪೋರ್ಟ್ ನಿಂತರೆ ನಿಲ್ಲಲಿ, ನನ್ನ ಅಂಗಡಿ ನಿಂತಿಲ್ಲವಲ್ಲ. ಆ ಪಿಸಿಗೆ ನೆಟ್ಟೇ ಕೊಟ್ಟಿಲ್ಲ. ನಿಮ್ಮ ಡೆಬಿಯನ್‌ನಲ್ಲಿ ನಾವು ಪುಟ ಜೋಡಿಸುವ ಪೇಜ್‌ಮೇಕರ್ ಓಡಿಸಿ ತೋರಿಸಿ, ಆಮೇಲೆ ಮಾತಾಡಿ.

ಕರಾವಳಿ_ಟೀಚರ್: ಕೇಳಿದವರನ್ನೇ ಮರೆತಿರಲ್ಲ! ಕಾರ್ಡ್ ಎನ್ವಿಡಿಯಾ ಜಿಫೋರ್ಸ್ 8 ಅಥವಾ 9 ಸರಣಿಯದಾ? ಅವಕ್ಕೆ ಎನ್ವಿಡಿಯಾದ್ದೇ ಡ್ರೈವರ್ ಬೇಕೆಂದರೆ 340 ಸರಣಿಯದು, ಅದರ ಸಪೋರ್ಟ್ 2019ಕ್ಕೇ ಮುಗಿದಿದೆ. ಹೊಸ ಕರ್ನಲ್ ಜೊತೆ ಒದ್ದಾಟ. ನಾನಂತೂ ಕಾರ್ಡನ್ನೇ ಕಿತ್ತು, ಬೋರ್ಡಿನಲ್ಲಿದ್ದ ವಿಜಿಎಗೆ ಮಾನಿಟರ್ ಸಿಕ್ಕಿಸಿದೆ. ಇಂಟೆಲ್ ಗ್ರಾಫಿಕ್ಸ್, ಒಂದು ತಕರಾರಿಲ್ಲ.

ಹೊಸಬ_ಚಿಕ್ಕಮಗಳೂರು: ನನಗೆ ಗ್ರಬ್ ಮೆನುವೇ ಕಾಣುತ್ತಿಲ್ಲ.

ಕರಾವಳಿ_ಟೀಚರ್: ಒಂದೇ ಓಎಸ್ ಇದ್ದರೆ ಮೆನು ಅಡಗಿರುತ್ತದೆ. ಆನ್ ಮಾಡಿದ ಕೂಡಲೇ ಶಿಫ್ಟ್ ಒತ್ತಿ ಹಿಡಿಯಿರಿ.

ಹಾಸನ_ಹಳೇಪಿಸಿ: ಕಾರ್ಡ್ ಇಲ್ಲದೆಯೂ ನಡೆಯುತ್ತಾ? ನನ್ನ ಬೋರ್ಡಿನಲ್ಲೂ ವಿಜಿಎ ಇದೆ! ಅದಿರಲಿ, ಎಸ್‌ಎಂಪಿಎಸ್‌ಗೆ 850 ಜಾಸ್ತಿಯಾಯಿತು ಅನ್ನಿಸುತ್ತೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎಷ್ಟಿರಬಹುದು?

ಡಿಟಿಪಿ_ತುಮಕೂರು: ಹಾಸನದಿಂದ ಹೋಗಿಬರುವ ಬಸ್ ಚಾರ್ಜೂ ಸೇರಿಸಿ ಲೆಕ್ಕ ಹಾಕಿ ಸಾರ್.