ಹೆಬ್ಬೆರಳಿನಡಿ ಇದ್ದ ಮೂರು

ಗುಂಪು: ಕುಂಜಿಬೆಟ್ಟು ಮನೆ
ಭಾನುವಾರ ರಾತ್ರಿ

ತಮ್ಮನ ಹೆಂಡತಿ: [ಫೋಟೊ] [ಫೋಟೊ]
ಅತ್ತಿಗೆ, ಪುಟ್ಟಿಯ ಬಯಾಲಜಿ ಟೆಸ್ಟ್ ಪೇಪರ್ ಒಮ್ಮೆ ನೋಡಿ. ಡಿಎನ್‌ಎಯ ಒಂದು ಸಾಲು ಕೊಟ್ಟು, ಅದರಿಂದ ಆಗುವ ಎಂಆರ್‌ಎನ್‌ಎ (ಜೀನಿನ ಆರ್‌ಎನ್‌ಎ ಪ್ರತಿ) ಮತ್ತು ಅದು ಕಟ್ಟಿಸುವ ಪ್ರೋಟೀನಿನ ಅಮೈನೊ ಆಮ್ಲಗಳನ್ನು ಬರೆಯಿರಿ ಅಂತ ಕೇಳಿದ 5 ಮಾರ್ಕಿನ ಪ್ರಶ್ನೆಗೆ ಸೊನ್ನೆ. ಎರಡನೇ ಫೋಟೊ ಟ್ಯೂಶನ್‌ನವರು ಹಾಕಿದ ಉತ್ತರದ ಕೀ. ಸಂಜೆಯಿಂದ ಊಟ ಬೇಡ ಅಂತ ಕೂತಿದ್ದಾಳೆ.

ಭಾವ (ಠಾಣೆ): ನೋಡಿದೆ. ಕೀ ಸರಿಯೇ ಉಂಟಲ್ಲ. ಡಿಎನ್‌ಎಯಲ್ಲಿ ಟಿ ಇದ್ದಲ್ಲಿ ಆರ್‌ಎನ್‌ಎಯಲ್ಲಿ ಯು ಬರೆಯುವುದು, ಅಷ್ಟೆ. ಟಿಎಸಿ ಇದ್ದದ್ದು ಯುಎಸಿ ಆಗ್ಬೇಕು. ಇವಳು ಎಯುಜಿ ಅಂತ ಬರೆದಿದ್ದಾಳೆ. ಅಕ್ಷರ ಎಲ್ಲ ಅದಲು ಬದಲು.

ತಮ್ಮ: ನಾನೂ ಅದನ್ನೇ ಹೇಳಿದೆ ಭಾವ. ಗಡಿಬಿಡಿಯಲ್ಲಿ ಬರೆದಿದ್ದಾಳೆ.

ನಾನು: ಒಂದು ನಿಮಿಷ ನಿಲ್ಲಿ. ಪ್ರಶ್ನೆಯ ಫೋಟೊದಲ್ಲಿ ಎಡಗಡೆ ಯಾರದ್ದೋ ಹೆಬ್ಬೆರಳು ಬಿದ್ದಿದೆ. ಸಾಲಿನ ಶುರುವಿನಲ್ಲಿ ಎಂತ ಬರೆದಿದ್ದಾರೆ ಅಂತ ಕಾಣುವುದಿಲ್ಲ. ಬೆರಳು ತೆಗೆದು ಇನ್ನೊಂದು ತೆಗಿ ಮಾರಾಯ್ತಿ.

ತಮ್ಮನ ಹೆಂಡತಿ: [ಫೋಟೊ]

ನಾನು: ಈಗ ಕಂಡಿತು. ‘ಟೆಂಪ್ಲೇಟ್ ಎಳೆ’ ಅಂತ ಉಂಟು, ಅದರ ಮುಂದೆ ಸಣ್ಣದಾಗಿ 3′ (ಎಳೆಯ ಒಂದು ತುದಿಯ ಗುರುತು, ಇನ್ನೊಂದು ತುದಿ 5′). ಆಮೇಲೆ ಟಿಎಸಿ ಸಿಎಸಿ ಜಿಟಿಎ ಜಿಎಸಿ ಟಿಜಿಎ ಜಿಜಿಎ ಸಿಟಿಸಿ, ಕೊನೆಗೆ 5′. ಪುಟ್ಟಿ ಬರೆದದ್ದು ಪೂರ್ತಿ ಸರಿ. ಕೀ ತಪ್ಪು.

ಭಾವ (ಠಾಣೆ): ಟಿಗೆ ಯು ಅನ್ನುವುದು ತಪ್ಪಾ ಹಾಗಾದರೆ? ನಾವು ಕಾಲೇಜಿನಲ್ಲಿ ಕಲಿತದ್ದೇ ಅದು.

ನಾನು: ತಪ್ಪಲ್ಲ ಭಾವ. ಆದರೆ ಅದು ಇನ್ನೊಂದು ಎಳೆಗೆ. ಡಿಎನ್‌ಎಗೆ ಎರಡು ಎಳೆ. ಕೋಡಿಂಗ್ ಎಳೆ ಕೊಟ್ಟಿದ್ದರೆ ನೀವು ಹೇಳಿದ ಹಾಗೆ ಟಿ ತೆಗೆದು ಯು ಹಾಕಿದರೆ ಮುಗಿಯಿತು. ಇಲ್ಲಿ ಕೊಟ್ಟದ್ದು ಟೆಂಪ್ಲೇಟ್, ಅಂದರೆ ಅಚ್ಚು. ಅಚ್ಚಿನ ಎದುರು ಜೋಡಿ ಅಕ್ಷರ ಬರಬೇಕು. ಎ ಎದುರು ಯು, ಟಿ ಎದುರು ಎ, ಜಿ ಎದುರು ಸಿ, ಸಿ ಎದುರು ಜಿ. ಆರ್‌ಎನ್‌ಎ ಕಟ್ಟುವ ಕಿಣ್ವ, ಆರ್‌ಎನ್‌ಎ ಪಾಲಿಮರೇಸ್, ಅಚ್ಚನ್ನು 3′ ಕಡೆಯಿಂದ 5′ ಕಡೆಗೆ ಓದಿಕೊಂಡು ಹೋಗ್ತದೆ, ಎಂಆರ್‌ಎನ್‌ಎ 5′ ಕಡೆಯಿಂದ ಬೆಳೆಯುತ್ತದೆ. ಅದಕ್ಕೇ 3′ ಎಡಕ್ಕೆ ಬರೆದುಕೊಟ್ಟದ್ದು, ಮಕ್ಕಳು ಎಡದಿಂದಲೇ ಸಲೀಸಾಗಿ ಬರೆಯಲಿ ಅಂತ.

ನಾನು: ಹಳೆ ಮನೆಯ ಕೊಟ್ಟಿಗೆಯ ಹಂಚು ನೆನಪುಂಟಲ್ಲ? ಮಂಗಳೂರು ಜೆಪ್ಪುವಿನ ಬಾಸೆಲ್ ಮಿಶನ್ ಕಾರ್ಖಾನೆಯದ್ದು, 1865 ಅಂತ ಒತ್ತಿದ್ದು. ಹಂಚಿನ ಮೇಲೆ ಅಂಕಿ ಉಬ್ಬಿ ನೇರ ಕಾಣ್ತದೆ. ಅಚ್ಚಿನಲ್ಲಿ ಅದೇ ಅಂಕಿ ತಗ್ಗಾಗಿ, ಉಲ್ಟಾ ಇದ್ದಿರಬೇಕು. ಕೀ ಬರೆದವರು ಅಚ್ಚನ್ನೇ ಹಂಚು ಅಂತ ಓದಿದ್ದಾರೆ.

ನನ್ನ ಚಿಕ್ಕಮ್ಮ: ಆ ಹಂಚು ಒಂದು ನಮ್ಮ ಹಿತ್ತಿಲಲ್ಲಿ ಈಗಲೂ ಉಂಟು. ಬಸಳೆ ಬುಡಕ್ಕೆ ಇಟ್ಟಿದ್ದೇನೆ.

ಭಾವ (ಠಾಣೆ): ಸರಿ. ಆದರೆ ಕೀಯವರು ಅಮೈನೊ ಆಮ್ಲದ ಹೆಸರೂ ಕೊಟ್ಟಿದ್ದಾರಲ್ಲ. ಟೈರೋಸಿನ್, ಹಿಸ್ಟಿಡಿನ್, ವ್ಯಾಲಿನ್, ಆಸ್ಪಾರ್ಟಿಕ್ ಆಮ್ಲ, ನಿಲುಗಡೆ. ಯಾವ ಮೂರು ಅಕ್ಷರಕ್ಕೆ ಯಾವ ಅಮೈನೊ ಆಮ್ಲ ಅಂತ ಹೇಳುವ ಪಟ್ಟಿ ನೋಡದೆ ಬರೆದಿರುವುದಿಲ್ಲ.

ನಾನು: ಪಟ್ಟಿ ನೋಡಿದ್ದು ಹೌದು. ಅಲ್ಲೇ ಸಂಶಯ ಬರಬೇಕಿತ್ತು. ಏಳು ತ್ರಿವಳಿ ಕೊಟ್ಟು ಅನುವಾದ ಮಾಡಿ, ಅಂದರೆ ಅಮೈನೊ ಆಮ್ಲ ಬರೆಯಿರಿ, ಅಂದಿದ್ದಾರೆ. ಐದನೆಯದಕ್ಕೇ ಯುಜಿಎ ಬಂದು ನಿಂತುಹೋದರೆ ಉಳಿದ ಎರಡು ಯಾಕೆ ಕೊಟ್ಟದ್ದು? ಎಂಆರ್‌ಎನ್‌ಎಯ ಮೂರಕ್ಷರದ 64 ಕೋಡಾನ್‌ಗಳಲ್ಲಿ ನಿಲುಗಡೆ ಮೂರೇ ಮೂರು: ಯುಎಎ, ಯುಎಜಿ, ಯುಜಿಎ. ಪಾಪ, ಅಚ್ಚಿನ ಟಿಜಿಎ ಹೋಗಿ ಅದರಲ್ಲೊಂದಾಯಿತು.

ಅಕ್ಕನ ಮಗ (ಮಣಿಪಾಲ): ಚಿಕ್ಕಮ್ಮ, ಈಗಷ್ಟೇ ಆಸ್ಪತ್ರೆ ಪೋಸ್ಟಿಂಗ್ ಮುಗಿಸಿ ಬಂದೆ. ಕೀಯಲ್ಲಿ ಇರುವ ಅಕ್ಷರಗಳು ಅಮೈನೊ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎಯ ಆ್ಯಂಟಿಕೋಡಾನ್ ಅಕ್ಷರಗಳು. ಎಯುಜಿಗೆ ಜೋಡಿಯಾಗಿ ಕೂರುವುದು ಯುಎಸಿ. ಪಟ್ಟಿ ಇರುವುದು ಎಂಆರ್‌ಎನ್‌ಎ ಕೋಡಾನ್‌ಗೆ. ಇವರು ಆ್ಯಂಟಿಕೋಡಾನ್ ಹಿಡಿದುಕೊಂಡು ಅದರಲ್ಲಿ ಹುಡುಕಿದ್ದಾರೆ. ನಮ್ಮ ಫಸ್ಟ್ ಇಯರ್‌ನಲ್ಲೂ ತುಂಬ ಜನ ಹೀಗೇ ಮಾಡ್ತಿದ್ದರು.

ಭಾವ (ಠಾಣೆ): ನೀನೂ ಅಲ್ಲಿಯೇ ಸೇರಿದೆಯಾ!

ಅಕ್ಕನ ಮಗ (ಮಣಿಪಾಲ): ಅಪ್ಪ, ಸರಿ ಇದ್ದದ್ದು ಸರಿ. ಆದರೆ ಪುಟ್ಟಿಯದ್ದರಲ್ಲೂ ಒಂದು ಮಾತುಂಟು. ಇದು ಹಿಮೋಗ್ಲೋಬಿನ್‌ನ ಬೀಟಾ ಸರಪಳಿ ಕಟ್ಟಿಸುವ ಬೀಟಾ ಗ್ಲೋಬಿನ್ ಜೀನಿನ ಶುರು. ರಕ್ತದಲ್ಲಿರುವ ಬೀಟಾ ಸರಪಳಿ ವ್ಯಾಲಿನ್‌ನಿಂದ ಶುರುವಾಗ್ತದೆ. ಇವಳು ಎಯುಜಿಗೆ ಅಂತ ಮೊದಲು ಮೆಥಿಯೋನಿನ್ ಬರೆದಿದ್ದಾಳೆ.

ನಾನು: ಬರೆಯಲೇಬೇಕು ಮಗ. ಪ್ರೋಟೀನ್ ಕಟ್ಟುವ ರೈಬೋಸೋಮಿನಲ್ಲಿ ಮೊದಲು ಕೂರುವುದು ಮೆಥಿಯೋನಿನ್ನೇ. ಸರಪಳಿ ಬೆಳೆಯುವಾಗ ಅದನ್ನು ಕತ್ತರಿಸಿ ತೆಗೆಯುವುದು. ಪ್ರಶ್ನೆ ಕೇಳಿದ್ದು ಅನುವಾದದವರೆಗೆ ಮಾತ್ರ. ನೀನು 146 ಅಮೈನೊ ಆಮ್ಲದ ಸರಪಳಿ ಎಣಿಸುವಾಗ ಅದು ಲೆಕ್ಕಕ್ಕಿಲ್ಲ, ಇವಳ ಪೇಪರಿನಲ್ಲಿ ಉಂಟು.

ಅಕ್ಕನ ಮಗ (ಮಣಿಪಾಲ): ಹೌದು ಹೌದು. ಒಪ್ಪಿದೆ.

ತಮ್ಮ: ಅಕ್ಕ, ಎಯುಜಿ ಬಂದದ್ದರಿಂದಲೇ ಇವಳದ್ದು ಸರಿ ಅಂತ ಹೇಳಬಹುದಲ್ಲ? ಶುರುವಿನ ಕೋಡಾನ್ ಅದೇ ಅಂತ ಇವಳು ಬಾಯಿಪಾಠ ಹೇಳ್ತಿರ್ತಾಳೆ.

ನಾನು: ಅದೊಂದರಿಂದಲೇ ಹೇಳಬೇಡ. ಜೀನಿನ ನಡುವಿನ ತುಂಡು ಕೊಟ್ಟರೆ ಎಯುಜಿ ಇರಬೇಕೆಂದಿಲ್ಲ. ನಾಳೆ ಕೇಳಲಿಕ್ಕೆ ಹೋಗುವಾಗ ‘ಟೆಂಪ್ಲೇಟ್’ ಅನ್ನುವ ಶಬ್ದವನ್ನೂ ಆ 3′ ಗುರುತನ್ನೂ ತೋರಿಸು. ಅಷ್ಟು ಸಾಕು. ಜೋರು ಮಾತು ಬೇಡ. ಕೀ ಬರೆದವರಿಗೂ ಅವಸರ ಇದ್ದಿರಬಹುದು. ಆದರೆ ಮಾರ್ಕು ತಿದ್ದಿಸದೆ ಬರಬೇಡ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಈ ಪಾಠ ಮಾಡಿದವಳು ನಾನು. ಸರಿ ಬರೆದ ಮಗುವಿನ ಉತ್ತರಕ್ಕೆ ಕೆಂಪು ಗೀಟು ಬಿದ್ದರೆ ಮುಂದಿನ ಸಲ ಅದು ತಪ್ಪನ್ನೇ ಬರೆಯುತ್ತದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಭಾವ (ಠಾಣೆ): ಆಯ್ತು, ಆ 3′ ನಾನು ನೋಡಿರಲಿಲ್ಲ. ನೋಡಿದ್ದರೂ ಅದರ ಅರ್ಥ ಮರೆತುಹೋಗಿತ್ತು ಅನ್ನು. ಪುಟ್ಟಿ ಎಲ್ಲಿ? ಅವಳಿಗೆ ಹೇಳಿ, ಮಾವ ಸುಮ್ಮನೆ ಬೈದರು ಅಂತ.

ತಮ್ಮನ ಹೆಂಡತಿ: ಇಲ್ಲೇ ಪಕ್ಕದಲ್ಲಿ ಓದ್ತಾ ಇದ್ದಾಳೆ. ಗಂಜಿ ಬಡಿಸಿಕೊಂಡಳು ಈಗ.

ನಾನು: ಪುಟ್ಟಿ, ಒಂದು ಕೇಳ್ತೇನೆ. ಪಟ್ಟಿ ನೋಡಬೇಡ. ಆ ಅಚ್ಚಿನ ಕೊನೆಯ ಸಿಟಿಸಿಯಲ್ಲಿ ನಡುವಿನ ಟಿ ಹೋಗಿ ಎ ಬಂತು ಅಂತ ಇಟ್ಟುಕೋ. ಎಂತ ಆಗ್ತದೆ?

ತಮ್ಮನ ಹೆಂಡತಿ: ಅತ್ತೆ ನಾನು ಪುಟ್ಟಿ, ಅಮ್ಮನ ಫೋನಿಂದ. ಸಿಎಸಿ ಆಗ್ತದೆ. ಎಂಆರ್‌ಎನ್‌ಎಯಲ್ಲಿ ಜಿಎಜಿ ಇದ್ದದ್ದು ಜಿಯುಜಿ. ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್.

ಅಕ್ಕನ ಮಗ (ಮಣಿಪಾಲ): ಅದೇ ಸಿಕಲ್ ಸೆಲ್ ಕಾಯಿಲೆ ಪುಟ್ಟಿ. ಆ ಒಂದೇ ಅಕ್ಷರಕ್ಕೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವುದು.

ತಮ್ಮನ ಹೆಂಡತಿ: ಪುಸ್ತಕದಲ್ಲಿ ಆರನೇ ಜಾಗ ಅಂತ ಉಂಟು. ಇಲ್ಲಿ ಎಣಿಸಿದರೆ ಏಳು ಬರ್ತದೆ. ಮೆಥಿಯೋನಿನ್ ಕತ್ತರಿಸಿದ ಮೇಲೆ ಎಣಿಸುವುದಾ ಅತ್ತೆ?

ನಾನು: ಹೌದು ಮಗಳೇ. ಈಗ ಗಂಜಿ ಉಣ್ಣು, ತಣ್ಣಗಾಗ್ತದೆ.