ನಮ್ಮ ಗ್ರೂಪಿನ ಪ್ರಶ್ನೋತ್ತರ: ಮಣ್ಣಲ್ಲಿ ಸಿಕ್ಕ ಮೂಳೆ ಬಗ್ಗೆ ಕೇಳಿ, ಪಳೆಯುಳಿಕೆ ತಜ್ಞೆ ಉತ್ತರಿಸುತ್ತಾರೆ

ಸಂಡೂರಿನ ಸದಸ್ಯ: ಮೇಡಂ, ನಮ್ಮ ಗುಡ್ಡದ ಕಲ್ಲಿನ ಮೇಲೆ ಗಿಡದ ಕೊಂಬೆಯಂಥ ಕಪ್ಪು ಗೆರೆ ಇದೆ. ಪಳೆಯುಳಿಕೆನಾ? ಇಲ್ಲಿ ಡೈನೋಸಾರ್ ಮೂಳೆನೂ ಸಿಗಬಹುದಾ?

ತಜ್ಞೆ: ಗಿಡ ಅಲ್ಲ. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್. ಸಂಡೂರಿನ ಬಂಡೆಗಳಿಗೆ ಸುಮಾರು 270 ಕೋಟಿ ವರ್ಷ. ಬೆನ್ನೆಲುಬಿನ ಪ್ರಾಣಿಗಳು ಹುಟ್ಟಿ ಸುಮಾರು 52 ಕೋಟಿ ವರ್ಷ ಆಯಿತು, ಅಷ್ಟೇ. ಆ ಬಂಡೆಯಲ್ಲಿ ಡೈನೋಸಾರ್ ಸಿಗುವುದಿಲ್ಲ.

ಕೊಪ್ಪಳದ ಸದಸ್ಯ: ಘಟೋತ್ಕಚನ ಅಸ್ಥಿಪಂಜರದ ಫೋಟೊ ಬಂದಿದೆ. ನಿಜನಾ?

ತಜ್ಞೆ: ಸುಳ್ಳು. 2002ರಲ್ಲಿ ಫೋಟೊ ಎಡಿಟಿಂಗ್ ಸ್ಪರ್ಧೆಗೆ ಮಾಡಿದ ಚಿತ್ರ. ಅದರಲ್ಲಿರುವ ಗುಂಡಿ ಅಮೆರಿಕದಲ್ಲಿ ಮ್ಯಾಸ್ಟೊಡಾನ್ ಎಂಬ ಆನೆಯಂಥ ಪ್ರಾಣಿಯ ಮೂಳೆ ಅಗೆದ ಜಾಗ.

ಬಳ್ಳಾರಿ ಹತ್ತಿರದ ರೈತ: ಮೇಡಂ, ಊರ ಹೊರಗಿನ ಬೂದಿಗುಡ್ಡದಿಂದ ಹೊಲಕ್ಕೆ ಮಣ್ಣು ಹೊಡೆಸಿದೆ. ಅದರಲ್ಲಿ ದವಡೆ, ಹಲ್ಲು, ಬೆನ್ನಿನ ಮಣಿ ಬಂದಿವೆ. ಕೆಲವು ಕಪ್ಪು, ಕೆಲವು ಸುಣ್ಣದ ಹಾಗೆ ಬಿಳಿ. ಯಾವ ಪ್ರಾಣಿ? ನಾಳೆ ಇನ್ನೂ ನಾಲ್ಕು ಟ್ರಿಪ್ ಇದೆ.

ತಜ್ಞೆ: ಅಣ್ಣಾ, ಮೊದಲು ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿ ನಾಳೆಯ ಟ್ರಿಪ್ ನಿಲ್ಲಿಸಿ. ಆಮೇಲೆ ಮುಂದೆ ಓದಿ.

ನೀವು ಕಳಿಸಿದ ಫೋಟೊದಲ್ಲಿರುವ ಹಲ್ಲು ದನದ್ದು. ಉದ್ದನೆಯ ಹಲ್ಲು, ಮೇಲ್ಭಾಗದಲ್ಲಿ ಅರ್ಧಚಂದ್ರದಂಥ ಮಡಿಕೆಗಳು, ನಡುವೆ ಒಂದು ಸಣ್ಣ ಕಂಬ. ಬೆನ್ನಿನ ಮಣಿಯ ಮುಳ್ಳನ್ನು ಹತ್ತಿರದಿಂದ ನೋಡಿ. ತುದಿ ಎರಡಾಗಿ ಸೀಳಿದ್ದರೆ ಅದು ಡುಬ್ಬದ ದನ. ಕಪ್ಪು ಮೂಳೆ ಕಡಿಮೆ ಬೆಂಕಿಯಲ್ಲಿ ಸುಟ್ಟದ್ದು, ಬಿಳಿ ಮೂಳೆ ಜಾಸ್ತಿ ಕಾವು ಕಂಡದ್ದು.

ದನದ ಮೂಳೆ ತಾನೇ ಎಂದು ಬಿಡಬೇಡಿ. ಕುಡತಿನಿ, ಸಂಗನಕಲ್ಲು ಕಡೆಯ ಬೂದಿಗುಡ್ಡಗಳು ಹೊಸ ಶಿಲಾಯುಗದ ದನಗಾಹಿಗಳು ಸೆಗಣಿ ಸುಟ್ಟ ಬೂದಿಯ ರಾಶಿಗಳು, ಸುಮಾರು 4,000 ವರ್ಷ ಹಳೆಯವು. ಎಷ್ಟು ವಯಸ್ಸಿಗೆ ದನ ಕಡಿದರು, ಹಸು ಜಾಸ್ತಿಯಾ ಹೋರಿ ಜಾಸ್ತಿಯಾ, ಎಲ್ಲವನ್ನೂ ಆ ಮೂಳೆಗಳೇ ಹೇಳಬೇಕು. ಆದರೆ ಯಾವ ಪದರದಲ್ಲಿತ್ತು ಅಂತ ಗೊತ್ತಿದ್ದರೆ ಮಾತ್ರ. ಹೊಲದಲ್ಲಿ ಹರಡಿದ ಮೇಲೆ ಅದು ಬರೀ ಮೂಳೆ. ಇದೇ ನನಗೆ ನಿದ್ದೆ ಕೆಡಿಸುವ ವಿಷಯ.

ಬಂದಿರುವುದನ್ನು ತೊಳೆಯಬೇಡಿ, ಫೆವಿಕ್ವಿಕ್ ಹಾಕಬೇಡಿ. ಪೇಪರಿನಲ್ಲಿ ಸುತ್ತಿ, ಗುಡ್ಡದ ಯಾವ ಬದಿ, ಎಷ್ಟು ಆಳ ಎಂದು ಬರೆದಿಡಿ. ಜೆಸಿಬಿ ಕೊಯ್ದ ಗೋಡೆಯ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಬಳ್ಳಾರಿಯ ಸಂಗನಕಲ್ಲು ಮ್ಯೂಸಿಯಂನಲ್ಲಿ ತೋರಿಸಿ, ಪುರಾತತ್ವ ಇಲಾಖೆಗೆ ತಿಳಿಸಿ.

ಸಿಂಧನೂರಿನ ಸದಸ್ಯ: ಫಾರ್ವರ್ಡ್: ಕಲ್ಲಾದ ಮೂಳೆ ಅರೆದು ಹಾಲಲ್ಲಿ ಕುಡಿದರೆ ಮಂಡಿನೋವು ಮಾಯ.

ತಜ್ಞೆ: ಕುಡಿಯಬೇಡಿ, ಯಾರಿಗೂ ಕಳಿಸಬೇಡಿ. ಮಣ್ಣಲ್ಲಿರುವ ಮೂಳೆ ನೀರಿನ ಫ್ಲೋರೈಡ್, ಯುರೇನಿಯಂ ಎರಡನ್ನೂ ಹೀರಿಕೊಳ್ಳುತ್ತದೆ. ಮಣ್ಣಲ್ಲಿ ಹೆಚ್ಚು ಕಾಲ ಇದ್ದಷ್ಟು ಫ್ಲೋರೈಡ್ ಜಾಸ್ತಿ. ಆದಿಮಾನವನದ್ದೆಂದು ನಂಬಿಸಿದ್ದ ಇಂಗ್ಲೆಂಡಿನ ಪಿಲ್ಟ್‌ಡೌನ್ ತಲೆಬುರುಡೆಯ ಮೋಸ 1953ರಲ್ಲಿ ಬಯಲಾಗಲು ಫ್ಲೋರೈಡ್ ಪರೀಕ್ಷೆಯೂ ಕಾರಣ. ನಮ್ಮ ಎಷ್ಟೋ ಊರಿನ ಬೋರ್‌ವೆಲ್ ನೀರಲ್ಲಿ ಮೊದಲೇ ಫ್ಲೋರೈಡ್ ಜಾಸ್ತಿ. ಅದರ ಮೇಲೆ ಇದೂ ಬೇಕಾ?

ಗಂಗಾವತಿಯ ಸದಸ್ಯ: ನಾಲಿಗೆಗೆ ಅಂಟಿದರೆ ಪಳೆಯುಳಿಕೆ ಅಂತೆ?

ತಜ್ಞೆ: ಮಣ್ಣಿನ ಮೂಳೆ ಬಾಯಿಗೆ ಹಾಕಬೇಡಿ. ಮೇಲೆ ಓದಿ.

ಹಿರಿಯ ಸದಸ್ಯರು: ಬೂದಿಗುಡ್ಡ ರಾಕ್ಷಸರನ್ನು ಸುಟ್ಟ ಬೂದಿ. ನಮ್ಮಜ್ಜ ಹೇಳುತ್ತಿದ್ದರು.

ಲಿಂಗಸೂಗೂರಿನ ಮೇಷ್ಟ್ರು: ಹಿರಿಯರೇ, ಅದು ಸೆಗಣಿ ಬೂದಿ. ಶಾಲೆ ಮಕ್ಕಳೂ ಇದ್ದಾರೆ ಗ್ರೂಪಲ್ಲಿ.

ಹಿರಿಯ ಸದಸ್ಯರು: ನಾಲ್ಕು ಪುಸ್ತಕ ಓದಿದರೆ ಅಜ್ಜಂದಿರು ಸುಳ್ಳುಗಾರರಾದರಾ?

ಮೇಷ್ಟ್ರು: ಸುಳ್ಳುಗಾರರು ಅಂತ ಯಾರಂದರು? ಸಾಕ್ಷಿ ಕೊಡಿ ಅಂದೆ.

ಸಿರುಗುಪ್ಪದ ವಿದ್ಯಾರ್ಥಿನಿ: ಮೇಡಂ, ಇದನ್ನು ಓದಲು ಯಾವ ಕೋರ್ಸ್ ಸೇರಬೇಕು?

ಹಿರಿಯ ಸದಸ್ಯರು: ಸೆಗಣಿಗೆ ಯಾರಾದರೂ ಗುಡ್ಡ ಕಟ್ಟುತ್ತಾರಾ?

ತಜ್ಞೆ: ಕಟ್ಟಿದ್ದಾರೆ. ತೆಲಂಗಾಣದ ಉಟ್ನೂರಿನ ಬೂದಿಗುಡ್ಡ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ದೊಡ್ಡಿ ಕಟ್ಟಿದರು, ಸೆಗಣಿ ರಾಶಿಯಾಯಿತು, ಮತ್ತೆ ಮತ್ತೆ ಸುಟ್ಟರು. ಇಬ್ಬರೂ ಇನ್ನು ಸಾಕು ಮಾಡಿ.

ಮಾನ್ವಿಯ ಸದಸ್ಯ: ಆ ಹಲ್ಲಿಗೆ ಎಷ್ಟು ರೇಟು ಬರುತ್ತೆ?

ತಜ್ಞೆ: ಮಾರುವ ಮಾತು ಈ ಗ್ರೂಪಿನಲ್ಲಿ ಬೇಡ.

ಕೊಪ್ಪಳದ ಇನ್ನೊಬ್ಬ ಸದಸ್ಯ: ಘಟೋತ್ಕಚನ ಫೋಟೊ ನಿಜನಾ ಮೇಡಂ?

ತಜ್ಞೆ: ಮೇಲೆ ಹೇಳಿದ್ದೇನೆ.

ರೈತ: ಟ್ರಿಪ್ ನಿಲ್ಲಿಸಿದೆ ಮೇಡಂ. ಆದರೆ ಪಕ್ಕದ ಹೊಲದವರು ಬೆಳಗ್ಗೆ ಆರಕ್ಕೆ ಅದೇ ಜಾಗದಿಂದ ತುಂಬಿಸುತ್ತಾರಂತೆ.

ತಜ್ಞೆ: ಅವರ ನಂಬರ್ ನನಗೆ ಈಗಲೇ ಬೇರೆಯಾಗಿ ಕಳಿಸಿ.