ಎಐ ಕ್ಷಣದಲ್ಲಿ ರಂಗೋಲಿ ಕೊಡುತ್ತೆ, ಹಾಗಾದ್ರೆ ನಾವು ಕೈಯಲ್ಲಿ ಹಾಕೋದು ಯಾಕೆ?

ಅಂಗಳದ ಚುಕ್ಕಿ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ಕೊರೀತಾ ಇದೆ. ನಾನೇನು ಕಲಾವಿದೆ ಅಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತೇನೆ, ಮಧ್ಯಾಹ್ನ ಪುರುಸೊತ್ತಾದರೆ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ಹೊಸ ಎಳೆ ಹುಡುಕುತ್ತಾ ಕೂರುತ್ತೇನೆ, ಧನುರ್ಮಾಸದಲ್ಲಿ ಸ್ವಲ್ಪ ದೊಡ್ಡದು, ಅಷ್ಟೇ. ದಿನದಲ್ಲಿ ನನಗೇ ಅಂತ ಇರುವ ಹೊತ್ತು ಅದೊಂದೇ.

ಈಗ ನಮ್ಮ ಬೀದಿಯ ವಾಟ್ಸಾಪ್ ಗುಂಪಿನ ತುಂಬಾ ಎಐ ರಂಗೋಲಿಗಳು. ನವಿಲು, ದೀಪ, ಕಮಲ, ಬಣ್ಣ ಅಂದ್ರೆ ಬಣ್ಣ. ಯಾರೋ ನಿಜವಾಗಿ ಹಾಕಿದ್ದು ಅಂತಲೇ ಎಷ್ಟೋ ಜನ ನಂಬಿದ್ದಾರೆ. ನಾನೂ ಕೇಳಿ ನೋಡಿದೆ, 7ರಿಂದ 4ರವರೆಗೆ ಸಂದು ಚುಕ್ಕಿ, ಒಂದೇ ಎಳೆ ಎಲ್ಲ ಚುಕ್ಕಿಯನ್ನೂ ಸುತ್ತಿ ಬರಬೇಕು ಅಂತ. ದೂರದಿಂದ ತುಂಬಾ ಚೆಂದ. ಹತ್ತಿರ ನೋಡಿದರೆ ನಡುಸಾಲಿನಲ್ಲಿ ಎಂಟು ಚುಕ್ಕಿ, ಎಡಗಡೆ ಒಂದು ಎಳೆ ಚುಕ್ಕಿಯ ಮೇಲೆಯೇ ಹಾದು ಎಲ್ಲೋ ಕರಗಿ ಹೋಗಿದೆ. 7ರಿಂದ 4 ಅಂದರೆ ನಡುವೆ 7, ಆಚೆ ಈಚೆ 6, 5, 4. ಒಟ್ಟು 37 ಚುಕ್ಕಿ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ.

ನಮ್ಮ ಓರಗಿತ್ತಿಗೆ ತೋರಿಸಿದೆ. "ಇವತ್ತು ತಪ್ಪಿದೆ, ನಾಳೆ ಸರಿಯಾಗುತ್ತೆ ಬಿಡಕ್ಕ, ಆಮೇಲೆ ನೀನ್ಯಾಕೆ ಸೊಂಟ ಬಗ್ಗಿಸಬೇಕು" ಅಂದಳು. ಆ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ಅದು ನಿಜವಾಗಿಯೂ ಸರಿಯಾಗಿ ಹಾಕೋದನ್ನ ಕಲಿತ ಮೇಲೆ ನಮ್ಮ ಈ ಸಣ್ಣಪುಟ್ಟ ಕೆಲಸಕ್ಕೆ ಏನು ಉಳಿಯುತ್ತೆ? ಹೊಲಿಗೆ, ಹಾಡು, ಚಿತ್ರ, ಏನಾದರೂ ಮಾಡುವವರು ಹೇಳಿ.

ಧಾರವಾಡದ ಸೂಜಿ:
ಅಕ್ಕಾರೇ, ನಾನು ಕಸೂತಿ ಹಾಕುವವಳು. ಸೀರೆ ಮೇಲೆ, ಕುಪ್ಪಸದ ಮೇಲೆ, ಈಗೀಗ ಮೊಮ್ಮಗಳ ಫ್ರಾಕಿನ ಮೇಲೂ. ನಿಮ್ಮ ಚುಕ್ಕಿಯ ಲೆಕ್ಕ ಓದಿದಾಗ ನಮ್ಮ ಎಳೆ ಲೆಕ್ಕವೇ ನೆನಪಾಯಿತು.

ನಮ್ಮಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಹಾಕುತ್ತಾ ಮುಂದೆ ಹೋಗುತ್ತೆ, ಆಮೇಲೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬುತ್ತೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಮೇಲೂ ಕೆಳಗೂ ಒಂದೇ ಥರ ಕಾಣಬೇಕು. ಹಂಗಾಗಿ ಒಂದು ಗೋಪುರ ಶುರು ಮಾಡುವ ಮೊದಲೇ, ಈ ಕಳಸಕ್ಕೆ ಹತ್ತಿ ಇಳಿಯೋದು ಎಲ್ಲಿಂದ, ಪಕ್ಕದ ಕವಲಿಗೆ ಹೋದವಳು ವಾಪಸ್ ಬರೋದು ಹೆಂಗೆ ಅಂತ ದಾರಿ ಯೋಚನೆ ಮಾಡಬೇಕು. ನನಗೆ ಖುಷಿ ಇರೋದು ಅಲ್ಲೇ. ಗೋಪುರ ಮುಗಿದಾಗ ಅಲ್ಲ, ದಾರಿ ಸಿಕ್ಕಾಗ.

ಸೊಸೆ ಎಐ ಹತ್ತಿರ ಕಸೂತಿ ಡಿಸೈನ್ ತೆಗೆಸಿ ತೋರಿಸಿದಳು. ಆನೆ, ತೇರು, ತುಳಸಿಕಟ್ಟೆ ಎಲ್ಲ ಇತ್ತು. ಆದರೆ ಆನೆಯ ಬೆನ್ನು ದುಂಡಗೆ ಬಾಗಿತ್ತು. ಎಳೆ ಎಣಿಸಿ ಹಾಕುವ ಹೊಲಿಗೆಯಲ್ಲಿ ದುಂಡಗೆ ಬಾಗೋದು ಎಲ್ಲಿಂದ ಬರಬೇಕು? ನೆಟ್ಟಗೆ, ಅಡ್ಡ, ಓರೆ, ಅಷ್ಟೇ. ಬಾಗಿದ ಹಾಗೆ ಕಾಣಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಆ ಚಿತ್ರದಲ್ಲಿ ಕಸೂತಿಯ ರೂಪ ಇದೆ, ಸೂಜಿ ಓಡಾಡಿಲ್ಲ.

ನಾಳೆ ಅದು ಸರಿಯಾಗೇ ಬರೆದುಕೊಟ್ಟರೂ ನನ್ನ ದಾರಿಯನ್ನು ನಾನೇ ಹುಡುಕಬೇಕು. ಅದನ್ನೂ ಅದಕ್ಕೆ ಬಿಟ್ಟುಕೊಡಲು ನನಗೆ ಇಷ್ಟವಿಲ್ಲ, ಅಷ್ಟೇ ವಿಷಯ.

ಸಾಲುಮಾತು:
ಸಾಫ್ಟ್‌ವೇರ್ ಕೆಲಸದವನು. ಎಂಟು ಚುಕ್ಕಿ ಯಾಕೆ ಬಂತು ಅಂತ ಹೇಳಬಹುದು. ಚಿತ್ರ ಕೊಡುವ ಎಷ್ಟೋ ಎಐಗಳಲ್ಲಿ ಬಳಕೆಯಲ್ಲಿರುವ ವಿಧಾನದಲ್ಲಿ ಕಲಿಯುವಾಗ ಒಳ್ಳೆ ಚಿತ್ರಕ್ಕೆ ಸ್ವಲ್ಪ ಸ್ವಲ್ಪವೇ ಅರ್ಥವಿಲ್ಲದ ಅಡ್ಡಾದಿಡ್ಡಿ ಕಲೆಗಳನ್ನು ಸೇರಿಸಿ ಹಾಳು ಮಾಡಿ, ಆ ಹಾಳನ್ನು ತೆಗೆಯೋದನ್ನು ಕಲಿಸುತ್ತಾರೆ. ಆಮೇಲೆ ನೀವು ಕೇಳಿದಾಗ ಬರೀ ಅಂಥ ಕಲೆಗಳಿಂದ ಶುರು ಮಾಡಿ ಹಂತ ಹಂತವಾಗಿ ತೊಳೆಯುತ್ತಾ ಹೋಗುತ್ತೆ. ಅಂದರೆ ಇಡೀ ಚಿತ್ರ ಒಟ್ಟಿಗೇ ಮಂಜಿನಿಂದ ಮೂಡುತ್ತೆ. ಮೊದಲು ಚುಕ್ಕಿ, ಆಮೇಲೆ ಎಳೆ ಅನ್ನೋ ಕ್ರಮವೇ ಅದಕ್ಕಿಲ್ಲ. ಎಣಿಸಿಯೂ ಇಲ್ಲ. ರಂಗೋಲಿ ಸಾಮಾನ್ಯವಾಗಿ ಹೇಗೆ ಕಾಣುತ್ತೆ ಅಂತ ಅದಕ್ಕೆ ಗೊತ್ತು.

ಆದರೆ ಕಂಪ್ಯೂಟರಿಗೂ ರಂಗೋಲಿಗೂ ಇನ್ನೊಂದು ಹಳೇ ನಂಟಿದೆ, ಅದು ನನಗೆ ಬಹಳ ಇಷ್ಟ. 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಅವರ ಜೊತೆಗಾರರು ತಮಿಳುನಾಡಿನ ಕೋಲಂಗಳನ್ನು, ಅಂದರೆ ಅಲ್ಲಿನ ರಂಗೋಲಿಗಳನ್ನು, ಕೂತು ನೋಡಿ, ಅದರ ನಿಯಮಗಳನ್ನು ಗಣಿತದ ವ್ಯಾಕರಣದ ಹಾಗೆ ಬರೆದರು. ಸಣ್ಣ ಕೋಲದಿಂದ ದೊಡ್ಡದು ಹೇಗೆ ಬೆಳೆಯುತ್ತೆ ಅನ್ನೋದಕ್ಕೆ ಸೂತ್ರ. ಅವರು ಕಲಿತದ್ದು ಬಾಗಿಲಲ್ಲಿ ಕೂತು ಹಾಕುವ ಹೆಂಗಸರಿಂದ.

ನಾನು ಪೈಥಾನ್ ಅನ್ನೋ ಪ್ರೋಗ್ರಾಂ ಭಾಷೆಯಲ್ಲಿ, ಹೇಳಿದ ಹಾಗೆ ಗೆರೆ ಎಳೆಯುವ ಟರ್ಟಲ್ ಅನ್ನೋ ಸಲಕರಣೆ ಇಟ್ಟುಕೊಂಡು ಎಳೆ ರಂಗೋಲಿ ಬರೆಸುತ್ತಿರುತ್ತೇನೆ. ಎಲ್ಲಿ ತಿರುಗಬೇಕು, ಎಲ್ಲಿ ದಾಟಬೇಕು ಅಂತ ನಾನೇ ಹೇಳಬೇಕು. ಎಳೆ ಶುರುವಾದಲ್ಲಿಗೇ ಬಂದು ಕೂಡಿಕೊಂಡರೆ ಆ ರಾತ್ರಿ ನಿದ್ದೆ ಬರಲ್ಲ, ಅಷ್ಟು ಸಂತೋಷ. ಹಾಗಾಗಿ ಯಂತ್ರ ಬಂದರೆ ಖುಷಿ ಹೋಯ್ತು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಯಾರು ಯೋಚಿಸಿದರು ಅನ್ನೋದೇ ಮುಖ್ಯ.

ಹೆರಾಲ್ಡ್ ಕೋಹೆನ್ ಅಂತ ಒಬ್ಬ ಚಿತ್ರಕಾರ 1970ರ ದಶಕದಿಂದ 2016ರಲ್ಲಿ ತೀರಿಕೊಳ್ಳುವ ತನಕ ಆರನ್ ಅನ್ನೋ ಚಿತ್ರ ಬಿಡಿಸುವ ಪ್ರೋಗ್ರಾಂ ಬೆಳೆಸುತ್ತಲೇ ಇದ್ದರು. ಮೊದಮೊದಲು ಯಂತ್ರ ಗೆರೆ ಎಳೆಯೋದು, ಇವರು ಬಣ್ಣ ತುಂಬೋದು!

ಲಗ್ನಪತ್ರಿಕೆ:
ಖುಷಿಯ ಮಾತು ಸರಿ, ಆದರೆ ಬರೀ ಖುಷಿಯ ಮಾತಾಡೋದು ಹವ್ಯಾಸಕ್ಕೆ ಮಾಡುವವರಿಗೆ ಸುಲಭ. ನಾನು ಮದುವೆ ಕಾಗದ, ಬ್ಯಾನರ್, ಮಕ್ಕಳ ಪುಸ್ತಕದ ಚಿತ್ರ ಮಾಡಿ ಹೊಟ್ಟೆ ಹೊರೆಯುವವನು. ಈಗ ಗಿರಾಕಿ ಬರುವಾಗಲೇ ಎಐ ಚಿತ್ರ ಹಿಡಿದು ಬರುತ್ತಾರೆ. "ಇದನ್ನೇ ಸ್ವಲ್ಪ ಸರಿ ಮಾಡಿ ಕೊಡಿ, ಚಿತ್ರ ಆಗಲೇ ಇದೆಯಲ್ಲ, ದುಡ್ಡು ಕಮ್ಮಿ ತಗೊಳ್ಳಿ" ಅಂತಾರೆ. ಮೊನ್ನೆ ಒಬ್ಬರು ತಂದ ಚಿತ್ರದಲ್ಲಿ ಕನ್ನಡ ಅಕ್ಷರದ ಗತಿ ನೋಡಬೇಕಿತ್ತು. ಒತ್ತಕ್ಷರ ಮೇಲೆ ಹತ್ತಿ ಕೂತಿದೆ, ಕೊಂಬು ಯಾವ ಅಕ್ಷರದ್ದು ಅಂತ ಗೊತ್ತಾಗಲ್ಲ, ವಧುವಿನ ಹೆಸರು ಯಾವ ಭಾಷೆಯಲ್ಲೂ ಓದೋಕಾಗಲ್ಲ. ಅದನ್ನೆಲ್ಲ ಅಳಿಸಿ ನಾನೇ ಕೂತು ಅಕ್ಷರ ಬರೆದೆ. ಹೊಸದಾಗಿ ಮಾಡೋದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಸಿಕ್ಕಿದ್ದು ಮಾತ್ರ ಅರ್ಧ.

ಈ ಎಐಗಳು ಕಲಿತದ್ದು ಎಲ್ಲಿಂದ? ಲಯಾನ್-5ಬಿ ಅಂತ ಒಂದು ಸಂಗ್ರಹ 2022ರಲ್ಲಿ ಬಂತು. ಇಂಟರ್‌ನೆಟ್ಟಿನ ಚಿತ್ರಗಳ ಕೊಂಡಿ, ಅದರ ಜೊತೆಗಿದ್ದ ಬರಹ, ಹೀಗೆ ಸುಮಾರು 585 ಕೋಟಿ ಜೋಡಿ. ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರ ಕೊಡುವ ಎಐ ಕಲಿತದ್ದು ಅದರ ಭಾಗಗಳಿಂದಲೇ. ಬಿಡಿಸಿದವರನ್ನು ಯಾರೂ ಕೇಳಿರಲಿಲ್ಲ. ನನಗೆ ನೋವಾಗುವುದು ಅಲ್ಲಿ. ಅದೇ ವರ್ಷ ಅಮೆರಿಕದ ಕೊಲರಾಡೋ ರಾಜ್ಯದ ಜಾತ್ರೆಯಲ್ಲಿ ಮಿಡ್‌ಜರ್ನಿ ಅನ್ನೋ ಇನ್ನೊಂದು ಎಐಯಿಂದ ಮಾಡಿದ ಚಿತ್ರಕ್ಕೆ ಡಿಜಿಟಲ್ ಕಲೆಯ ವಿಭಾಗದಲ್ಲಿ ಮೊದಲ ಬಹುಮಾನ ಬಂತು. 2023ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆ ಚಿತ್ರವನ್ನು ನೋಂದಾಯಿಸಲು ಒಪ್ಪಲಿಲ್ಲ, ಯಂತ್ರ ಮಾಡಿದ ಭಾಗ ಮನುಷ್ಯನ ಕೃತಿ ಅಲ್ಲ ಅಂತ. ಬಹುಮಾನ ಸಿಗುತ್ತೆ, ಹಕ್ಕು ಸಿಗಲ್ಲ. ಇಲ್ಲೂ ಸ್ಪಷ್ಟ ನಿಯಮ ಬೇಕು.

ಚುಕ್ಕಿ ಅಕ್ಕ, ನಿಮ್ಮ ಬೀದಿಯಲ್ಲಿ ರಂಗೋಲಿ ಸ್ಪರ್ಧೆ ಇದ್ದರೆ ಒಂದು ಮಾತು. ಫೋಟೋ ನೋಡಿ ಬಹುಮಾನ ಕೊಡಬೇಡಿ ಅಂತ ಹೇಳಿ. ನೆಲದ ಮೇಲೆ, ಎಲ್ಲರ ಮುಂದೆ ಹಾಕಲಿ.

ಹಳೇ ಮೇಷ್ಟ್ರು:
ನನ್ನದು ಬೇರೆ ಅನುಭವ. ಕೈ ನಡುಗುತ್ತೆ, ಬ್ರಷ್ ಹಿಡಿಯಲು ಆಗುವುದಿಲ್ಲ. ರಾತ್ರಿ ಮೊಮ್ಮಗನಿಗೆ ನಾನೇ ಕಟ್ಟಿದ ಕಥೆ ಹೇಳುತ್ತೇನೆ, ಅವನು ನರಿಗೆ ಕನ್ನಡಕ ಬೇಕು ಅಂದರೆ ಎಐ ಹತ್ತಿರ ಕನ್ನಡಕದ ನರಿ ತರಿಸುತ್ತೇನೆ. ಇಬ್ಬರೂ ನೋಡಿ "ಇದಲ್ಲ, ಇನ್ನೂ ಸ್ವಲ್ಪ ಮುಂಗೋಪಿ ಇರಬೇಕು" ಅಂತ ಮತ್ತೆ ಕೇಳುತ್ತೇವೆ. ಚಿತ್ರ ನನ್ನದು ಅಂತ ಹೇಳಲ್ಲ. ಕಥೆ ನನ್ನದು. ಲಗ್ನಪತ್ರಿಕೆ ಅವರ ಮಾತು ಓದಿ ಬೇಸರವಾಯಿತು, ಅವರ ಕೂಲಿ ಅವರಿಗೆ ಪೂರ್ತಿ ಸಿಗಬೇಕು.

ಅಂಗಳದ ಚುಕ್ಕಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓರಗಿತ್ತಿಗೆ ಕೊಡೋ ಉತ್ತರ ಸಿಕ್ಕಿತು. ಸಿದ್ಧ ರಂಗೋಲಿ ಬೇಕು ಅಂತ ನಾನು ಯಾವತ್ತೂ ಕೂತಿದ್ದಲ್ಲ, ಎಳೆ ಎಲ್ಲಿಂದ ಹೊರಳುತ್ತೆ ಅಂತ ಹುಡುಕೋಕೆ ಕೂರೋದು. ಎಐ ಎಷ್ಟೇ ಚೆನ್ನಾಗಿ ಹಾಕಿದರೂ ನನ್ನ ಹುಡುಕಾಟ ಮುಗಿಯಲ್ಲ. ಲಗ್ನಪತ್ರಿಕೆ ಅವರೇ, ನಮ್ಮಲ್ಲಿ ಸಂಕ್ರಾಂತಿಗೆ ಸ್ಪರ್ಧೆ ಇದೆ, ನೀವು ಹೇಳಿದ ನಿಯಮ ಈ ಸಲ ಹಾಕಿಸುತ್ತೇನೆ. ಬಹುಮಾನದ ಪತ್ರಕ್ಕೆ ಚಿತ್ರ ಬೇಕು, ನಿಮ್ಮ ದರ ತಿಳಿಸಿ, ಪೂರ್ತಿ ಕೊಡುತ್ತೇವೆ.

ಧಾರವಾಡದ ಅಮ್ಮ, ಗವಂತಿ ಕಲಿಯಲು ಯಾವ ಬಟ್ಟೆ ತಗೊಳ್ಳಲಿ?

ಧಾರವಾಡದ ಸೂಜಿ:
ಮೊದಲು ಮ್ಯಾಟಿ ಬಟ್ಟೆ ತಗೊಳ್ಳಿ, ಎಳೆ ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಎಣಿಸೋದು ಸುಲಭ. ನೂಲು ಒಂದೇ ಬಣ್ಣದ್ದು ಸಾಕು. ಒಂದು ನೆಟ್ಟನೆ ಸಾಲು ಹೋಗಿ ವಾಪಸ್ ಬನ್ನಿ, ಬಟ್ಟೆ ತಿರುಗಿಸಿ ನೋಡಿ, ಹಿಂದೆಯೂ ಅದೇ ಸಾಲು ಕಂಡರೆ ಫೋಟೋ ಹಾಕಿ.